ತೆಗೆದುಹಾಕಿದ ಮೇಲೆ ಉಳಿದ ಹೆಸರು

“ಕ್ಷಮೆ ಕೇಳೋಕೆ ಬಂದಿದ್ರೆ ಅಮ್ಮನೂ ಇಲ್ಲೇ ಇರ್ಲಿ,” ಎಂದಳು ಟೈಪಿಸ್ಟ್. “ನೀವು ನನ್ನ ಕಳ್ಳಿ ಅಂದಾಗ ಹನ್ನೆರಡು ಜನ ಇದ್ರು. ಈಗ ಒಬ್ಬರಾದ್ರೂ ಕೇಳಿಸ್ಕೊಳ್ಳಿ.”

ಟೀಚರ್ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು. ಇದ್ದದ್ದು ಒಂದೇ ಕೋಣೆ. ನಡುವೆ ಪರದೆ ಇಳಿಬಿಟ್ಟು ಅಡುಗೆಗೆ ಅರ್ಧ, ಮಲಗಲು ಅರ್ಧ ಎಂದು ಪಾಲು ಮಾಡಿಕೊಂಡಿದ್ದರು. ಪರದೆಯ ಆಚೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಟೈಪಿಸ್ಟ್‌ಳ ತಾಯಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಮಗಳ ಹಿಂದೆ ನಿಂತಳು.

ಕಳೆದ ಗುರುವಾರ ಚಿತ್ರಕಥೆಗಾರರ ಮನೆಯ ಹಾಲಿನಲ್ಲಿ, ಅವರ ಕಂಪ್ಯೂಟರಿನಿಂದ ಹೊಸ ಚಿತ್ರಕಥೆಯನ್ನೂ ಅದನ್ನು ಬರೆಯುವ ಸಾಫ್ಟ್‌ವೇರನ್ನೂ ಕದ್ದುಕೊಂಡು ಅಳಿಸಿದವಳು ಈ ಟೈಪಿಸ್ಟೇ ಎಂದು ಟೀಚರ್ ಬೆರಳು ತೋರಿಸಿ ಹೇಳಿದ್ದಳು. ಹತ್ತು ವರ್ಷ ಕಂಪ್ಯೂಟರ್ ಪಾಠ ಹೇಳಿ, ಆಮೇಲೆ ಪತ್ತೇದಾರಿಕೆಗೆ ಇಳಿದಿದ್ದರೂ ವಾರಕ್ಕೆ ಮೂರು ಮಧ್ಯಾಹ್ನ ಚಿತ್ರಕಥೆಗಾರರ ಬೀದಿಯ ಒಂದು ಮನೆಗೆ ಪಾಠಕ್ಕೆ ಹೋಗುತ್ತಿದ್ದವಳು ಅವಳು. ಜನ ಇನ್ನೂ ಟೀಚರ್ ಎಂದೇ ಕರೆಯುತ್ತಿದ್ದರು. ಆ ಹೆಸರು ಇವತ್ತು ಅವಳಿಗೆ ಬಿಗಿಯಾದ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು.

“ನನ್ನಿಂದ ತಪ್ಪಾಯ್ತು,” ಎಂದಳು. “ನಿಮ್ಮ ಚೀಟಿ ಬಂತು. ನಿನ್ನೆ ಪರೀಕ್ಷೆ ಮಾಡಿ ನೋಡ್ದೆ. ನೀವು ಬರೆದದ್ದು ಸರಿ.”

ಟೈಪಿಸ್ಟ್‌ಳ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ‘ಆ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಹಾಕಲಿಕ್ಕೂ ತೆಗೆಯಲಿಕ್ಕೂ ಪಾಸ್‌ವರ್ಡ್ ಬೇಕು. ನನಗೆ ಅದನ್ನು ಯಾರೂ ಹೇಳಿಲ್ಲ.’ ಅಷ್ಟೇ. ಬೈಗುಳ ಇಲ್ಲ, ಅಳು ಇಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಮೊದಲ ವಾರ ಹೇಳಿಕೊಡುವ ಪಾಠ ಅದು. ಅದನ್ನು ಟೀಚರ್‌ಗೆ ಹೇಳಿಕೊಟ್ಟವಳು ತಾನೇ ಕಳ್ಳಿ ಎಂದು ಕರೆದ ಹೆಂಗಸು.

“ಪರೀಕ್ಷೆ ಮೊದಲೇ ಮಾಡಬಹುದಿತ್ತಲ್ಲ,” ಎಂದಳು ತಾಯಿ. ದನಿ ಏರಿಸಲಿಲ್ಲ.

“ಮಾಡಬೇಕಿತ್ತು, ಅಮ್ಮ.”

“ಇವಳು ಕೆಲಸ ಕೇಳ್ಕೊಂಡು ಮೂರು ಆಫೀಸಿಗೆ ಹೋದ್ಲು. ಮೂರು ಕಡೆನೂ ಕೂರಿಸಿ, ನೀರು ಕೊಟ್ಟು, ಫೋನ್ ಮಾಡ್ತೀವಿ ಅಂದ್ರು. ಆ ನೀರು ಕೊಟ್ಟ ರೀತಿನಲ್ಲೇ ಗೊತ್ತಾಯ್ತಂತೆ, ಸುದ್ದಿ ಇವಳಿಗಿಂತ ಮೊದಲೇ ಅಲ್ಲಿಗೆ ಹೋಗಿದೆ ಅಂತ.”

ಟೀಚರ್ ನೆಲ ನೋಡಿದಳು. ನೆಲದ ಹೆಂಚಿನಲ್ಲಿ ಒಂದು ಬಿರುಕು ಕುರ್ಚಿಯ ಕಾಲಿನವರೆಗೂ ಬಂದಿತ್ತು.

“ಒಂದು ಮಾತು ಕೇಳ್ಲಾ?” ಎಂದಳು ಕೊನೆಗೆ. “ಮೂರು ವಾರದ ಹಿಂದೆ ಅದು ಅಳಿಸಿಹೋದ ಹೊತ್ತಿಗೆ, ಬುಧವಾರ ಮೂರು ನಲವತ್ತಕ್ಕೆ, ನೀವು ಎಲ್ಲಿದ್ರಿ?”

“ಅವತ್ತೇ ಹೇಳಿದ್ದೆ. ದಿನಾ ಎರಡು ಗಂಟೆಗೆ ಊಟಕ್ಕೆ ಮನೆಗೆ ಬಂದು ಮೂರೂವರೆಗೆ ವಾಪಸ್ ಹೋಗ್ತಿದ್ದೆ. ಅವತ್ತು ಊಟ ಮುಗಿಸಿ ಬರೋವಾಗ ಪೇಪರ್ ತನ್ನಿ ಅಂತ ಯಜಮಾನರು ಬೆಳಿಗ್ಗೆ ಹೇಳಿದ್ರು. ಅಂಗಡಿಯಲ್ಲಿ ಜನ ಇದ್ರು. ಬಂದಾಗ ನಾಲ್ಕು ಗಂಟೆ. ಅಂಗಡಿಯವನಿಗೆ ನನ್ನ ಮುಖ ನೆನಪಿಲ್ಲ. ನಿಮಗೆ ಅಷ್ಟೇ ಸಾಕಾಯ್ತು.”

“ಆ ಚಿತ್ರಕಥೆ ಟೈಪ್ ಮಾಡಿದ್ದು ನೀವೇ ಅಲ್ವಾ? ನಿಮ್ಮ ಹತ್ರ ಅದರ ಹಳೇ ಪ್ರತಿ ಏನಾದ್ರೂ...”

ಟೈಪಿಸ್ಟ್ ತಾಯಿಯ ಕಡೆ ನೋಡಿದಳು. ತಾಯಿ ತಲೆಯಾಡಿಸಿದಳು, ಹೇಳು ಎಂಬಂತೆ.

“ಟೀಚರ್, ನಾಲ್ಕು ತಿಂಗಳಿಂದ ಅವರು ನನಗೆ ಒಂದು ಪುಟನೂ ಕೊಟ್ಟಿಲ್ಲ. ಮೊದಲೆಲ್ಲ ಬೆಳಿಗ್ಗೆ ಹೋದ್ರೆ ಕೈಯಲ್ಲಿ ಬರೆದ ಹಾಳೆಗಳು ಮೇಜಿನ ಮೇಲೆ ಕಾಯ್ತಿದ್ವು. ಆಮೇಲೆ ಸುಮ್ಮನೆ ಹೋಗ್ತಿದ್ದೆ, ಕೀಬೋರ್ಡ್ ಒರೆಸ್ತಿದ್ದೆ, ಕೂತಿರ್ತಿದ್ದೆ. ಅವರು ಒಳಗಿಂದ ಬಂದು, ಇವತ್ತು ಬೇಡ, ನಾಳೆ ಅಂತಿದ್ರು. ಸಾಯಂಕಾಲ ಎದ್ದು ಬರ್ತಿದ್ದೆ.”

“ಇದನ್ನ ಯಾಕೆ ಹೇಳ್ಲಿಲ್ಲ ಅವತ್ತು?”

“ಹದಿನೈದು ವರ್ಷ ಕೆಲಸ ಕೊಟ್ಟೋರು. ಅವರಿಗೆ ಬರೆಯೋಕೆ ಆಗ್ತಿಲ್ಲ ಅಂತ ಅವರ ನಿರ್ದೇಶಕರ ಮುಂದೆ, ಅವರ ಹಾಲಿನಲ್ಲಿ ನಿಂತ್ಕೊಂಡು ಹೇಳ್ಲಾ? ಅವರ ಮರ್ಯಾದೆ ನಾನು ಉಳಿಸ್ದೆ. ನನ್ನದನ್ನ ನೀವು ತೆಗೆದ್ರಿ.”

ಟೀಚರ್ ಹಿಡಿಯಷ್ಟಾದಳು. ಎದ್ದು ಹೊರಟಾಗ ಬಾಗಿಲವರೆಗೆ ಯಾರೂ ಬರಲಿಲ್ಲ. ಅವಳು ಮೆಟ್ಟಿಲು ಇಳಿಯುವ ಮೊದಲೇ ಪರದೆಯ ಆಚೆ ಪಾತ್ರೆಗಳ ಸದ್ದು ಮತ್ತೆ ಶುರುವಾಯಿತು.

*

ಚಿತ್ರಕಥೆಗಾರರ ಬರೆಯುವ ಕೋಣೆಗೆ ಬೀದಿ ಕಡೆಯಿಂದಲೇ ಬಾಗಿಲು. ಹಗಲೆಲ್ಲ ತೆರೆದೇ ಇರುತ್ತದೆ. ಟೀಚರ್ ಒಳಗೆ ಬಂದಾಗ ಎರಡೂಮುಕ್ಕಾಲು. ಮನೆಯಲ್ಲಿ ಎಲ್ಲರೂ ಯಜಮಾನರು ಎನ್ನುವ ಅವರು ಊಟ ಮಾಡಿ ಒಳಕೋಣೆಯಲ್ಲಿ ಮಲಗಿದ್ದರು. ಮೂರೂವರೆಗೆ ಏಳುತ್ತಾರೆ, ನಾಲ್ಕಕ್ಕೆ ಸ್ನಾನ ಮುಗಿಸಿ ಹೊರಗೆ ಬರುತ್ತಾರೆ. ಮನೆಯ ಗಡಿಯಾರ ಕೆಟ್ಟರೂ ಅವರ ನಿದ್ದೆ ನೋಡಿ ಗಂಟೆ ಹೇಳಬಹುದು ಎಂದು ಅವರ ಅಕ್ಕ ಒಮ್ಮೆ ನಕ್ಕಿದ್ದರು.

ಗೋಡೆಯ ತುಂಬ ಅವರ ನಲವತ್ತು ಸಿನಿಮಾಗಳ ಚಿತ್ರಗಳು. ಕಿಟಕಿಯ ಕೆಳಗೆ ಮೇಜು, ಅದರ ಮೇಲೆ ದಪ್ಪ ಡಬ್ಬದ ಹಳೇ ಕಂಪ್ಯೂಟರ್. ಡಿಸ್ಕ್ ಹಾಕುವ ಬಾಯಿಯ ಸುತ್ತ ಪ್ಲಾಸ್ಟಿಕ್ ಬೆರಳು ಉಜ್ಜಿ ಉಜ್ಜಿ ಹೊಳೆಯುತ್ತಿತ್ತು.

ಹೊಳಪು. ಟೀಚರ್ ಅದನ್ನೇ ನೋಡಿದಳು. ಈ ಕಾಲದಲ್ಲಿ ಡಿಸ್ಕ್ ಯಾರು ಹಾಕುತ್ತಾರೆ? ಮೂರು ವಾರದಿಂದ ಈ ಮೇಜಿನ ಮುಂದೆ ಕೂರುತ್ತಿದ್ದಾಳೆ. ಇದು ಇವತ್ತು ಕಣ್ಣಿಗೆ ಬಿತ್ತು.

ಕಂಪ್ಯೂಟರ್ ಆನ್ ಮಾಡಿದಳು. ಯಾವ ಸಾಫ್ಟ್‌ವೇರ್ ಯಾವಾಗ ಬಂತು, ಯಾವಾಗ ಹೋಯಿತು ಎಂದು ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಾಖಲೆ ಒಂದಿರುತ್ತದೆ. ಮೊದಲ ದಿನ ಅವಳು ಅದನ್ನು ತೆರೆದಿದ್ದಳು. ಮೇಲಿನ ಒಂದೇ ಸಾಲು ಓದಿದ್ದಳು: ಚಿತ್ರಕಥೆಯ ಸಾಫ್ಟ್‌ವೇರ್, ಬುಧವಾರ ಮೂರು ನಲವತ್ತಕ್ಕೆ ತೆಗೆಯಲಾಗಿದೆ. ಅಷ್ಟು ಸಿಕ್ಕಿದ್ದೇ ತಡ, ಗೆದ್ದೆ ಎಂದುಕೊಂಡು ಆ ದಾಖಲೆ ಮುಚ್ಚಿಬಿಟ್ಟಿದ್ದಳು.

ಈಗ ಕೆಳಗೆ ಸರಿಸಿದಳು.

ಮಂಗಳವಾರ: ಎರಡು ಹತ್ತಕ್ಕೆ ಹಾಕಲಾಗಿದೆ, ಮೂರು ಇಪ್ಪತ್ತಕ್ಕೆ ತೆಗೆಯಲಾಗಿದೆ. ಸೋಮವಾರ: ಎರಡು ಐದಕ್ಕೆ ಹಾಕಲಾಗಿದೆ, ಮೂರು ಇಪ್ಪತ್ತೈದಕ್ಕೆ ತೆಗೆಯಲಾಗಿದೆ. ಅದರ ಹಿಂದಿನ ಶನಿವಾರ. ಶುಕ್ರವಾರ. ಗುರುವಾರ. ಭಾನುವಾರ ಬಿಟ್ಟು ದಿನವೂ. ಅವಳ ಬೆರಳು ಸರಿಸುತ್ತಲೇ ಹೋಯಿತು. ನಾಲ್ಕು ತಿಂಗಳು.

ಯಾರೋ ದಿನವೂ ಮಧ್ಯಾಹ್ನ ಈ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿ, ಒಂದು ಗಂಟೆ ಬರೆದು, ಯಜಮಾನರು ಏಳುವ ಮೊದಲು ತೆಗೆದುಹಾಕಿ ಹೋಗುತ್ತಿದ್ದರು. ಕೂತ ಕುರ್ಚಿಯನ್ನು ಒರೆಸಿ ಹೋಗುವವರ ಹಾಗೆ.

ಎಲ್ಲ ದಿನವೂ ಕೆಲಸ ಮೂರೂವರೆಯೊಳಗೆ ಮುಗಿದಿತ್ತು. ಆ ಬುಧವಾರ ಮಾತ್ರ ಮೂರು ನಲವತ್ತು.

ಪಾಸ್‌ವರ್ಡಿನ ವಿಷಯ ಅವಳಿಗೆ ಹೊಳೆಯದೆ ಇರಲಿಲ್ಲ. ಟೈಪಿಸ್ಟ್ ಕಡೆ ಬೆರಳು ತೋರಿಸುವ ಹಿಂದಿನ ರಾತ್ರಿ ಊಟದ ಹೊತ್ತಿಗೆ ಗಂಡನನ್ನು ಕೇಳಿದ್ದಳು. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. “ಹಳೇ ಮಷೀನಲ್ಲಿ ತೆಗೆಯೋಕೆ ಪಾಸ್‌ವರ್ಡ್ ಏನೂ ಬೇಕಾಗಲ್ಲ ಬಿಡು,” ಎಂದು ತಟ್ಟೆ ನೋಡುತ್ತಲೇ ಹೇಳಿದ್ದ. ಅವನು ಹೇಳಿದ, ಇವಳು ನಂಬಿದಳು. ಒಂದು ನಿಮಿಷದ ಪರೀಕ್ಷೆಗೆ ಸೋಮಾರಿತನ ಮಾಡಿ ಒಬ್ಬಳ ಬಾಳಿಗೆ ಕಲ್ಲು ಹಾಕಿದಳು. ಅವನನ್ನು ದೂರಿ ಏನು ಪ್ರಯೋಜನ. ಬೆರಳು ತೋರಿಸಿದ್ದು ಅವನಲ್ಲ.

ಸಾಫ್ಟ್‌ವೇರ್ ತೆಗೆಯುವಾಗ ಕೊನೆಗೊಂದು ಪ್ರಶ್ನೆ ಬರುತ್ತದೆ: ನಿಮ್ಮ ಸ್ವಂತ ಸೆಟ್ಟಿಂಗ್‌ಗಳನ್ನು ಉಳಿಸಬೇಕೇ? ನಾಳೆ ಮತ್ತೆ ಹಾಕುವವರು ಹೌದು ಎನ್ನುತ್ತಾರೆ. ಹಾಗೆ ಉಳಿದದ್ದು ಎಲ್ಲಿರುತ್ತದೆ ಎಂದು ಟೀಚರ್‌ಗೆ ಗೊತ್ತಿತ್ತು. ಮರೆಯಾಗಿದ್ದ ಫೋಲ್ಡರ್ ತೆರೆದಳು. ಒಳಗೆ ಎರಡು ಚಿಕ್ಕ ಫೈಲು.

ಮೊದಲನೆಯದು ಪದಗಳ ಪಟ್ಟಿ. ಸಾಫ್ಟ್‌ವೇರ್ ಇದು ತಪ್ಪು ಎಂದು ಕೆಂಪು ಗೆರೆ ಎಳೆದಾಗ, ಇಲ್ಲ, ಇದು ಸರಿ, ಸೇರಿಸಿಕೋ ಎಂದು ಬರೆಯುವವರು ಕೊಟ್ಟ ಪದಗಳು. ಕಾಜಾ. ಅಸ್ತರಿ. ಕಚ್ಚಾಹೊಲಿಗೆ. ತೋಳುಸುತ್ತು. ಸೂಜಿಮೊನೆ. ಅಳತೆಪಟ್ಟಿ. ಕತ್ತುಪಟ್ಟಿ.

ಟೀಚರ್ ಮೇಲೆ ನೋಡಿದಳು. ಮಹಡಿಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಸಿನಿಮಾದವರಿಗೆ ಮೂವತ್ತು ವರ್ಷ ಉಡುಪು ಹೊಲಿದ, ಈ ಬೀದಿಯೆಲ್ಲ ದರ್ಜಿ ಅಕ್ಕ ಎಂದು ಕರೆಯುವ ಯಜಮಾನರ ಅಕ್ಕ.

ಆಗಲೇ ಎದ್ದುಬಿಡುತ್ತಿದ್ದಳು; ಆದರೆ ಎರಡನೇ ಫೈಲನ್ನೂ ನೋಡಿಯೇ ಹೋಗೋಣ ಎಂದು ತೆರೆದಳು. ಸಾಫ್ಟ್‌ವೇರನ್ನು ಮೊದಲ ಸಲ ಹಾಕಿದಾಗ ಅದು ಕೇಳುವ ವಿವರಗಳು. ಭಾಷೆ. ಅಕ್ಷರದ ಗಾತ್ರ. ಬರೆಯುವವರ ಹೆಸರು.

ಅಲ್ಲಿ ಇದ್ದದ್ದು ಟೀಚರ್‌ಳ ಹೆಸರು. ತಂದೆ ಇಟ್ಟ ಪೂರ್ತಿ ಹೆಸರು, ಮುಂದೆ ಮನೆಯ ಮೊದಲಕ್ಷರ, ಒಂದು ಒತ್ತೂ ತಪ್ಪಿಲ್ಲದೆ.

ಹಿಂದೆ ತಿರುಗಿ ನೋಡಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಇದನ್ನು ಬೇರೆ ಯಾರಾದರೂ ನೋಡಿದರೆ ಏನೆಂದುಕೊಳ್ಳುತ್ತಾರೆ ಎಂದು ಯೋಚಿಸಬೇಕಾಗಿರಲಿಲ್ಲ. ಕಳೆದ ಗುರುವಾರ ಅವಳೇ ಇದಕ್ಕಿಂತ ಕಡಿಮೆ ಸಾಕ್ಷಿಗೆ ಒಬ್ಬಳನ್ನು ಕಳ್ಳಿ ಮಾಡಿದ್ದಳು.

ಬೆರಳು ತಾನಾಗಿ ಅಳಿಸುವ ಕೀಲಿಯ ಮೇಲೆ ಹೋಯಿತು. ಒಂದು ಒತ್ತು ಸಾಕು. ಯಾರಿಗೂ ತಿಳಿಯುವುದಿಲ್ಲ. ಫೈಲು ಇತ್ತು ಎಂಬುದೂ ತಿಳಿಯುವುದಿಲ್ಲ.

ಮಹಡಿಯ ಯಂತ್ರ ನಿಂತು, ಮತ್ತೆ ಓಡಿತು. ಬೆರಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಅಳಿಸಲಿಲ್ಲ ಎಂಬುದು ಸಮಾಧಾನ ಕೊಡಲಿಲ್ಲ. ಬೆರಳು ಅಲ್ಲಿಗೆ ಹೋಯಿತಲ್ಲ, ಅದೇ ಸಾಕಾಗಿತ್ತು.

*

ಹೊಲಿಗೆ ಕೋಣೆಯ ತುಂಬ ನೂಲಿನ ಧೂಳು. ತಲೆಯಿಲ್ಲದ ಮೂರು ಬೊಂಬೆಗಳು ಅರ್ಧಂಬರ್ಧ ಕೋಟು ತೊಟ್ಟು ನಿಂತಿದ್ದವು. ಅಕ್ಕ ಕಪ್ಪು ಬಟ್ಟೆಯೊಂದಕ್ಕೆ ಗುಂಡಿಯ ತೂತು ಹೊಲಿಯುತ್ತಿದ್ದರು. ಅರವತ್ತೆರಡರ ಹೆಂಗಸು, ಕನ್ನಡಕವನ್ನು ಹಣೆಗೆ ಏರಿಸಿ ಅದನ್ನೇ ಹುಡುಕುವ ಸ್ವಭಾವ.

“ಬನ್ನಿ ಟೀಚರ್. ಆ ಕತ್ತರಿ ಆಚೆ ಇಟ್ಟು ಕೂತ್ಕೊಳ್ಳಿ. ಹೋದ ವಾರ ಒಬ್ರು ಕೂತು, ಎದ್ದು, ಆಮೇಲೆ ಕೂರೋಕೆ ಎರಡು ದಿನ ಆಗ್ಲಿಲ್ಲ.”

ಟೀಚರ್ ನಗಲಿಲ್ಲ. ಕತ್ತರಿ ಎತ್ತಿಟ್ಟು ಕುಳಿತಳು.

“ಕಾಜಾ ಅಂದ್ರೇನು, ಅಕ್ಕ?”

“ಇದೇ. ಗುಂಡಿ ತೂರಿಸೋ ತೂತು.”

“ಅಸ್ತರಿ?”

“ಒಳಗಿನ ಬಟ್ಟೆ. ಕಾಣಲ್ಲ. ಕೋಟು ನೆಟ್ಟಗೆ ನಿಲ್ಲೋದು ಅದರಿಂದಲೇ.”

“ಈ ಪದಗಳಿಗೆಲ್ಲ ಸಾಫ್ಟ್‌ವೇರ್ ಕೆಂಪು ಗೆರೆ ಎಳೀತು. ನೀವು ಒಂದೊಂದನ್ನೂ ಸೇರಿಸಿದ್ರಿ.”

ಸೂಜಿ ಬಟ್ಟೆಯೊಳಗೆ ಅರ್ಧ ಹೋಗಿ ನಿಂತಿತು. ಅಕ್ಕ ತಲೆ ಎತ್ತಲಿಲ್ಲ. ಕುತ್ತಿಗೆಯಿಂದ ಮೇಲೆ ನಿಧಾನವಾಗಿ ಕೆಂಪೇರಿತು, ಅರವತ್ತೆರಡರ ಮುಖ ಹದಿನಾರರ ಹಾಗೆ.

“ತಮ್ಮನಿಗೆ ಹೇಳಿದ್ರಾ?”

“ಇಲ್ಲ.”

“ಹೇಳ್ಬೇಡಿ. ಕೆಟ್ಟ ಕೆಲಸ ಏನೂ ಮಾಡಿಲ್ಲ ಟೀಚರ್. ಕಥೆ ಬರೀತಿದ್ದೆ, ಅಷ್ಟೇ.”

“ಬರೆಯೋದಕ್ಕೆ ದಿನಾ ಹಾಕಿ ದಿನಾ ತೆಗೀಬೇಕಾ?”

“ಕಂಪ್ಯೂಟರ್ ಪರದೆ ಮೇಲೆ ಒಂದು ಹೊಸ ಗುರುತು ಕಂಡ್ರೆ ಅವನು ಕೇಳ್ತಾನೆ. ಸ್ಟುಡಿಯೋದವರು ಯಾರೋ ಬಿಸಾಡಿದ ಡಿಸ್ಕ್ ಅದು, ಕೋಟಿನ ಜೇಬಲ್ಲಿ ಸಿಕ್ತು. ಹಾಕೋಕೆ ಹತ್ತು ನಿಮಿಷ, ತೆಗೆಯೋಕೆ ಐದು. ಬರೆದದ್ದನ್ನ ‘ಅಳತೆ’ ಅಂತ ಹೆಸರಿಟ್ಟು ಕಂಪ್ಯೂಟರಲ್ಲೇ ಒಂದು ಮೂಲೆಯಲ್ಲಿ ಇಡ್ತಿದ್ದೆ. ದರ್ಜಿಯ ಅಳತೆ ಯಾರು ತೆಗೆದು ನೋಡ್ತಾರೆ?”

ಅವರು ಸೂಜಿಯನ್ನು ಎಳೆದು ನೂಲು ಬಿಗಿ ಮಾಡಿದರು.

“ಹತ್ತೊಂಬತ್ತು ವರ್ಷಕ್ಕೆ ಒಂದು ನೋಟ್‌ಬುಕ್ ತುಂಬ ಬರೆದಿದ್ದೆ. ಅವನಿಗೆ ಆಗ ಹದಿನಾಲ್ಕು. ಊಟಕ್ಕೆ ನೆಂಟರು ಬಂದಿದ್ರು. ಅದನ್ನ ತಂದು ಎಲ್ಲರ ಮುಂದೆ ಓದ್ದ, ದನಿ ಬದಲಾಯಿಸಿ, ಮೂಗಲ್ಲಿ ಮಾತಾಡಿ. ನಮ್ಮಪ್ಪ ಕಣ್ಣಲ್ಲಿ ನೀರು ಬರೋ ಹಾಗೆ ನಕ್ರು. ನಾನೂ ನಕ್ಕೆ, ಏನ್ಮಾಡೋದು. ಆಮೇಲೆ ಅವನು ಬರಹಗಾರ ಆದ. ನಾನು ಬೇರೆಯವರ ಸುತ್ತಳತೆ ತಗೊಳ್ತಾ ಕೂತೆ.”

“ನನ್ನ ಹೆಸರು ಯಾಕೆ ಹಾಕಿದ್ರಿ, ಅಕ್ಕ?”

ಈಗ ಅವರು ತಲೆ ಎತ್ತಿದರು. ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಟೀಚರ್‌ಳ ಮುಖವನ್ನು ಚೆನ್ನಾಗಿ ನೋಡಿದರು.

“ನಿಮಗೆ ನನ್ನ ನೆನಪಿಲ್ಲ ಅಂತ ನೀವು ಈ ಮನೆಗೆ ಬಂದ ಮೊದಲ ದಿನವೇ ಗೊತ್ತಾಯ್ತು. ಹನ್ನೆರಡು ವರ್ಷ ಆಯ್ತಲ್ಲ. ಶನಿವಾರದ ಕ್ಲಾಸು. ನಾನು ಹೆದರಿ ಮೌಸನ್ನ ಎರಡು ಕೈಲಿ ಹಿಡ್ಕೊಂಡಿದ್ದೆ, ಅದೇನೋ ಓಡಿಹೋಗೋ ಪ್ರಾಣಿ ಅನ್ನೋ ಹಾಗೆ. ಎಲ್ಲರೂ ನಕ್ರು. ನೀವು ನಗಲಿಲ್ಲ. ನನ್ನ ಪಕ್ಕದಲ್ಲಿ ಕೂತು, ನೀವೂ ಎರಡು ಕೈಲಿ ಹಿಡ್ಕೊಂಡು, ಹೀಗೂ ಆಗುತ್ತೆ ನೋಡಿ ಅಂದ್ರಿ.”

ಟೀಚರ್ ನೆನಪನ್ನು ತಡಕಾಡಿದಳು. ಶನಿವಾರದ ಕ್ಲಾಸು ನೆನಪಿತ್ತು, ಸಾಲಾಗಿ ಕೂತ ಬೆನ್ನುಗಳು ನೆನಪಿದ್ದವು. ಈ ಮುಖ ಸಿಗಲಿಲ್ಲ.

“ಸಾಫ್ಟ್‌ವೇರ್ ಬರೆಯುವವರ ಹೆಸರು ಅಂತ ಕೇಳ್ತು,” ಎಂದರು ಅಕ್ಕ. “ನನ್ನದು ಹಾಕೋಕೆ ಕೈ ಬರ್ಲಿಲ್ಲ. ಖಾಲಿ ಬಿಟ್ರೆ ಮುಂದೆ ಹೋಗಲ್ಲ ಅಂತು. ನಿಮ್ಮ ಹೆಸರು ಬಂತು ಬೆರಳಿಗೆ. ಆಮೇಲೆ ಕಥೆಯ ಮೊದಲ ಪುಟದಲ್ಲೂ ಅದೇ ತಾನಾಗಿ ಬಂದುಬಿಡ್ತು. ತೆಗೆಯೋದು ಗೊತ್ತಿತ್ತು. ತೆಗೀಲಿಲ್ಲ. ದಿನಾ ತೆರೆದಾಗ ಟೀಚರ್ ಪಕ್ಕದಲ್ಲಿ ಕೂತ ಹಾಗಿರ್ತಿತ್ತು.”

ಯಾರೂ ನಗದ ಹಾಗೆ ಒಬ್ಬಳನ್ನು ಕಾಪಾಡಿದ ಹೆಂಗಸು ಒಬ್ಬಳಿದ್ದಳಂತೆ. ಅವಳ ಹೆಸರು ಇವಳದೇ. ಹನ್ನೆರಡು ಜನರ ನಡುವೆ ಟೈಪಿಸ್ಟನ್ನು ನಿಲ್ಲಿಸಿದವಳ ಹೆಸರೂ ಅದೇ.

“ಅವತ್ತು ಹಾಲಿನಲ್ಲಿ ನೀವೂ ಇದ್ರಿ,” ಎಂದಳು ಟೀಚರ್.

“ಇದ್ದೆ. ಟೀ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ.” ಅಕ್ಕನ ದನಿ ಸಣ್ಣದಾಯಿತು. “ಆ ಸಾಫ್ಟ್‌ವೇರ್ ಹಾಕಿದ್ದು ನಾನು ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಬಾಯಿಗೆ ಹೊಲಿಗೆ ಹಾಕಿದ ಹಾಗಾಯ್ತು. ಆ ಹುಡುಗಿ ನನ್ನ ಕಡೆನೇ ನೋಡ್ತಿದ್ಲು ಅಂತ ಈಗಲೂ ಅನ್ಸುತ್ತೆ.”

“ಬುಧವಾರ ತೆಗೆದದ್ದು ನೀವೇನಾ?”

“ಅಲ್ಲ. ಅದೇ ನನಗೂ ಗೊತ್ತಾಗ್ತಿಲ್ಲ. ಸ್ಟುಡಿಯೋ ವ್ಯಾನು ಹೇಳಿದ್ದಕ್ಕಿಂತ ಮೊದಲೇ ಬಂದು ಹಾರ್ನ್ ಹೊಡೀತು. ಹೊಲಿದದ್ದನ್ನೆಲ್ಲ ಎತ್ಕೊಂಡು ಓಡ್ದೆ. ಕಥೆ ತೆರೆದೇ ಇತ್ತು. ವಾಪಸ್ ಬಂದಾಗ ಐದು ಗಂಟೆ. ಸಾಫ್ಟ್‌ವೇರ್ ಇಲ್ಲ, ‘ಅಳತೆ’ನೂ ಇಲ್ಲ. ಮಾರನೇ ದಿನ ತಮ್ಮ ತನ್ನ ಚಿತ್ರಕಥೆ ಹೋಯ್ತು ಅಂತ ಎದ್ದ. ನನ್ನದರ ಜೊತೆ ಅವನದೂ ಹೋಗಿದೆ, ಬಾಗಿಲು ತೆರೆದಿಟ್ಟು ಹೋದವಳು ನಾನೇ ಅಂತ ಸುಮ್ಮನಾದೆ.”

“ನಿಮ್ಮದು ಎಷ್ಟು ಪುಟ ಇತ್ತು?”

“ನೂರ ಹದಿನಾಲ್ಕು.”

ಕೇಸು ಕೊಡುವಾಗ ಯಜಮಾನರು ಹೇಳಿದ ಮಾತು ಅವಳ ಟಿಪ್ಪಣಿ ಪುಸ್ತಕದ ಮೊದಲ ಸಾಲಿನಲ್ಲಿತ್ತು: ‘ನನ್ನ ನೂರ ಹದಿನಾಲ್ಕು ಪುಟ.’ ನಾಲ್ಕು ತಿಂಗಳಿಂದ ಟೈಪಿಸ್ಟಿಗೆ ಒಂದು ಹಾಳೆಯನ್ನೂ ಕೊಡದವರು ಹೇಳಿದ ಲೆಕ್ಕ.

ಮೆಲ್ಲಗೆ, ಸುತ್ತು ಬಳಸದೆ, ಅದನ್ನು ಹೇಳಿದಳು.

ಅಕ್ಕ ಸಿಟ್ಟಾಗುತ್ತಾರೆ ಎಂದುಕೊಂಡಿದ್ದಳು. ಅವರು ಕೈಯಲ್ಲಿದ್ದ ಬಟ್ಟೆಯನ್ನು ಎದೆಗೆ ಒತ್ತಿಕೊಂಡರು, ಯಾರೋ ಕೋಣೆಯ ಬಾಗಿಲು ದೂಡಿದಾಗ ಮೈ ಮುಚ್ಚಿಕೊಳ್ಳುವ ಹಾಗೆ.

“ಓದಿದ್ದಾನೆ ಹಾಗಾದ್ರೆ,” ಎಂದರು. ಆಮೇಲೆ ಕೇಳಿದರು, “ಓದಿ ನಕ್ನಾ? ನಿಮಗೇನಾದ್ರೂ ಗೊತ್ತಾ?”

“ಇಲ್ಲ ಅಕ್ಕ. ಗೊತ್ತಿಲ್ಲ.”

“ಆದ್ರೆ ಅವನು ತೆಗೆಯೋಕೆ ಆಗಲ್ಲ. ಅವನಿಗೆ ಪಾಸ್‌ವರ್ಡ್ ಗೊತ್ತಿಲ್ಲ. ಗೊತ್ತಿದ್ರೂ ನೆನಪಿರಲ್ಲ, ತನ್ನ ಚಪ್ಪಲಿ ಯಾವುದು ಅಂತ ದಿನಾ ನನ್ನ ಕೇಳ್ತಾನೆ.”

“ಮತ್ಯಾರಿಗೆ ಗೊತ್ತು?”

“ನನಗೆ. ಇಟ್ಟವರಿಗೆ.”

“ಇಟ್ಟವರು ಯಾರು?”

“ಕಂಪ್ಯೂಟರ್ ರಿಪೇರಿಯವರು. ಎರಡು ತಿಂಗಳಿಗೊಂದು ಸಲ ಬುಧವಾರ ಬಂದು, ಧೂಳು ಹೊಡೆದು, ನೋಡಿ ಹೋಗ್ತಾರೆ. ಪಾಪ, ಟೀ ಕೊಟ್ರೂ ಕುಡಿಯಲ್ಲ.”

ಈ ಮನೆಯ ಕಂಪ್ಯೂಟರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಟೀಚರ್ ಮೂರು ವಾರದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕಂಪ್ಯೂಟರ್ ವಿಷಯ ತನಗೆ ಗೊತ್ತಿದೆ, ಇನ್ನೊಬ್ಬರನ್ನು ಕೇಳುವುದೇನು ಎಂದುಕೊಂಡಿದ್ದಳು.

“ಪಾಸ್‌ವರ್ಡ್ ಏನು, ಅಕ್ಕ?”

“ಅದೊಂದು ತಮಾಷೆ ಪದ. ನನಗೂ ಅರ್ಥ ಗೊತ್ತಿಲ್ಲ.” ಅಕ್ಕ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಮಡಿಲಿನ ಕಪ್ಪು ಬಟ್ಟೆಯ ಮೇಲೆ ಬರೆದರು.

ಬಿಕ್ಕಳಮ್ಮ.

ಟೀಚರ್ ಅದನ್ನು ಎರಡು ಸಲ ಓದಿದಳು. ಅವಳ ಮಗಳು ಕೂಸಾಗಿದ್ದಾಗ ನಕ್ಕರೆ ಸಾಕು ಬಿಕ್ಕಳಿಕೆ ಬರುತ್ತಿತ್ತು. ಮನೆಯೊಳಗೆ ಮಾತ್ರ ಕರೆಯುತ್ತಿದ್ದ ಹೆಸರು ಅದು. ಮಗಳು ದೊಡ್ಡವಳಾಗಿ, ಯಾರ ಮುಂದೆಯೂ ಹಾಗೆ ಕರೆಯಬೇಡಿ ಎಂದು ಆಣೆ ಹಾಕಿಸಿಕೊಂಡ ಮೇಲೆ ಆ ಪದ ಗೊತ್ತಿದ್ದವರು ಮೂವರೇ. ಮಗಳು, ತಾನು, ಗಂಡ.

*

ಮಹಡಿ ಮೆಟ್ಟಿಲ ತಿರುವಿನಲ್ಲಿ ನಿಂತು ಫೋನ್ ಮಾಡಿದಳು. ಅಂಗಡಿಯಲ್ಲಿ ಯಾರೋ ಗಿರಾಕಿಗೆ ಒಂದು ನಿಮಿಷ ಎಂದು ಹೇಳಿ ಗಂಡ ಹೊರಗೆ ಬಂದದ್ದು ಕೇಳಿಸಿತು.

“ಚಿತ್ರಕಥೆಗಾರರ ಮನೆ ಕಂಪ್ಯೂಟರ್ ನೋಡ್ಕೊಳ್ಳೋದು ನೀವಾ?”

ಬೀದಿಯಲ್ಲಿ ಬಸ್ಸೊಂದು ಹಾದುಹೋದ ಸದ್ದು ಬಂತು.

“ಆ ಕೇಸ್ ಬೇಡ ಅಂತ ಮೊದಲೇ ಹೇಳಿದ್ದೆ ನಿನಗೆ,” ಎಂದ.

“ಬುಧವಾರ ಮೂರು ನಲವತ್ತು.”

“ಹೂಂ. ನಾನೇ.”

“ಯಾಕೆ?” ಎಂದಳು.

“ಹೋದಾಗ ಕೋಣೆಯಲ್ಲಿ ಯಾರೂ ಇರ್ಲಿಲ್ಲ,” ಎಂದ ಗಂಡ. “ಪರದೆ ಮೇಲೆ ಕಥೆ ತೆರೆದಿತ್ತು. ಮೊದಲ ಪುಟಕ್ಕೆ ಹೋದೆ, ನಿನ್ನ ಹೆಸರು. ನೀನು ಅದೇ ಬೀದಿಗೆ ವಾರಕ್ಕೆ ಮೂರು ಮಧ್ಯಾಹ್ನ ಪಾಠಕ್ಕೆ ಹೋಗ್ತಿದ್ದೆ ಅಲ್ವಾ. ಅವರು ಮಲಗಿದಾಗ ಬಂದು, ಅವರ ಕಥೆನ ನಿನ್ನ ಹೆಸರಿಗೆ ಮಾಡ್ಕೊಳ್ತಿದ್ದೀಯ ಅಂದ್ಕೊಂಡೆ.”

“ನನ್ನನ್ನ ಕೇಳಬಹುದಿತ್ತಲ್ಲ.”

“ಕೇಳೋಕೆ ನಾಚಿಕೆ ಆಯ್ತು.”

ಮೂರು ವಾರ. ಒಂದೇ ಮೇಜಿನಲ್ಲಿ ಊಟ, ಒಂದೇ ದೀಪದ ಕೆಳಗೆ ಪತ್ರಿಕೆ. ಅಷ್ಟು ದಿನವೂ ಎದುರಿಗೆ ಕೂತಿದ್ದ ಮನುಷ್ಯ ತನ್ನನ್ನು ಕಳ್ಳಿ ಎಂದು ನಂಬಿಕೊಂಡೇ ಉಪ್ಪಿನ ಬಟ್ಟಲು ಕೈಗೆ ಕೊಟ್ಟಿದ್ದ. ತಾನು ಇನ್ನೊಬ್ಬಳಿಗೆ ಮಾಡಿದ್ದನ್ನು ಅವನು ತನಗೆ ಮಾಡಿದ್ದ. ವ್ಯತ್ಯಾಸ ಏನೆಂದರೆ ಅವನು ಬಾಯಿಬಿಟ್ಟು ಹೇಳಿರಲಿಲ್ಲ.

“ಟೈಪಿಸ್ಟ್ ಮೇಲೆ ಹೊರಿಸೋಕೆ ಬಿಟ್ರಿ.”

“ಬಿಟ್ಟೆ. ಪಾಸ್‌ವರ್ಡ್ ಬೇಕಾಗಲ್ಲ ಅಂತ ಸುಳ್ಳು ಹೇಳಿದ್ದೂ ಅದಕ್ಕೇ. ಅವತ್ತಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ ಕಣೇ.”

“ಫೈಲ್ ಎಲ್ಲಿ?”

“ಪೆನ್ ಡ್ರೈವಿಗೆ ಹಾಕ್ಕೊಂಡು, ಅವಸರದಲ್ಲಿ ಕೇಳಿದ್ದಕ್ಕೆಲ್ಲ ಹೌದು ಅಂತ ಒತ್ತಿ ಕಂಪ್ಯೂಟರಿಂದ ಎಲ್ಲಾ ತೆಗೆದೆ. ಆಮೇಲೆ ಮನಸ್ಸು ತಡೀಲಿಲ್ಲ. ಅವರ ವಸ್ತು ಅವರಿಗೇ ಸೇರಲಿ ಅಂತ ಅವತ್ತೇ ಸಾಯಂಕಾಲ ಹೋಗಿ ಯಜಮಾನರ ಕೈಗೆ ಕೊಟ್ಟೆ. ನನ್ನ ಹೆಂಡತಿ ತಪ್ಪು ಮಾಡಿದ್ದಾಳೆ, ದೊಡ್ಡದು ಮಾಡಬೇಡಿ ಅಂತ ಬೇಡ್ಕೊಂಡೆ.”

“ಏನಂದ್ರು ಅವರು?”

“ಒಂದು ಮಾತೂ ಆಡ್ಲಿಲ್ಲ. ತಗೊಂಡು ಜೇಬಿಗೆ ಹಾಕ್ಕೊಂಡ್ರು. ಮಾರನೇ ದಿನ ಕಳ್ಳತನ ಆಗಿದೆ ಅಂತ ನಿನ್ನನ್ನೇ ಕರೆಸಿದ್ರು.”

ಬರೆಯಲಾಗದ ಮನುಷ್ಯನಿಗೆ ನಿರ್ದೇಶಕರ ಮುಂದೆ ಹೇಳಲು ಒಂದು ನೆಪ ಸಿಕ್ಕಿತ್ತು: ಬರೆದಿದ್ದೆ, ಕಳುವಾಯಿತು. ಕೆಳಗೆ ಒಳಕೋಣೆಯ ಬಾಗಿಲು ತೆರೆದುಕೊಂಡಿತು. ಯಜಮಾನರು ಮೆಟ್ಟಿಲ ಬುಡದಲ್ಲಿ ಬಂದು ನಿಂತರು. ಸ್ನಾನ ಮುಗಿಸಿ, ಕೂದಲು ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಪೆನ್ನು.

“ಇಲ್ಲೇ ಇದ್ದೀರಾ ಟೀಚರ್, ಒಳ್ಳೇದಾಯ್ತು,” ಎಂದರು. “ಆ ಟೈಪಿಸ್ಟ್ ಮೇಲೆ ಪೊಲೀಸರಿಗೆ ದೂರು ಬರೆದಿದ್ದೀನಿ. ಸಾಕ್ಷಿ ಅಂತ ಇದೆಯಲ್ಲ, ಅಲ್ಲಿ ನಿಮ್ಮದೊಂದು ಸಹಿ ಬೇಕು.”

ಟೀಚರ್ ಮೆಟ್ಟಿಲು ಇಳಿದು ಬಂದಳು. ಕಾಗದ ತೆಗೆದುಕೊಂಡು ಪೂರ್ತಿ ಓದಿದಳು. ಟೈಪಿಸ್ಟ್‌ಳ ತಾಯಿಯ ವಿಳಾಸವೂ ಅದರಲ್ಲಿತ್ತು.

“ನಾನು ಸಹಿ ಹಾಕಲ್ಲ,” ಎಂದಳು. “ಅವಳು ಮಾಡಿಲ್ಲ. ಅದು ನಿಮಗೂ ಗೊತ್ತು.”

ಅವರು ಸಿಟ್ಟಾಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದರು. ಮಹಡಿಯ ಮೇಲೆ ಹೊಲಿಗೆ ಯಂತ್ರದ ಸದ್ದು ಇರಲಿಲ್ಲ. ಅಕ್ಕ ಮೆಟ್ಟಿಲ ತುದಿಯವರೆಗೂ ಬಂದು ಕಂಬಿ ಹಿಡಿದು ನಿಂತಿದ್ದರು.

“ಹಾಕ್ತೀರಿ ಟೀಚರ್,” ಎಂದರು ಯಜಮಾನರು, ಮೆಲ್ಲಗೆ, ಬಹಳ ಗೌರವದಿಂದ. “ನಿಮ್ಮ ಮನೆಯವರು ಬಂದು ನನ್ನ ಮುಂದೆ ಏನು ಒಪ್ಪಿಕೊಂಡು ಹೋದ್ರು ಅಂತ ನಾನು ಇದುವರೆಗೂ ಯಾರಿಗೂ ಹೇಳಿಲ್ಲ. ನಿರ್ದೇಶಕರು ಹಾಲಿನಲ್ಲಿ ಕೂತಿದ್ದಾರೆ. ಹೇಳ್ಲಾ?”